ಎರಡನೆಯ ಮರಿಗೂ ಪಾಲಿದೆ

ಎಲ್ಲರಿಗೂ ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: ಪ್ರಾಣಿಗಳಿಗೆ ಆತ್ಮವಿಲ್ಲ, ಅವುಗಳ ನೋವಿಗೆ ಮೊದಲ ಮನುಷ್ಯನಾದ ಆದಾಮನ ಪಾಪವೇ ಕಾರಣ, ವಿಶ್ವಾಸಿಗಳು ಇದಕ್ಕೆಲ್ಲ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಓದಿ ಮೈ ಉರಿಯಿತು. ಇಷ್ಟು ಸುಲಭವಾಗಿ ಕೈ ತೊಳೆದುಕೊಳ್ಳುವುದೇ?

ಬಿಳಿ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಯ ಗೂಡನ್ನು ನೋಡಿ. ಸಾಮಾನ್ಯವಾಗಿ ಎರಡು ಮೊಟ್ಟೆ. ಮೊದಲ ಮರಿ ಹೊರಬಂದು ಒಂದೆರಡು ದಿನ ಕಳೆದ ಮೇಲೆ ಎರಡನೆಯದು ಬರುತ್ತದೆ. ಅಷ್ಟರಲ್ಲಿ ಮೊದಲನೆಯದು ಬಲಿತಿರುತ್ತದೆ. ಅದು ತಮ್ಮನನ್ನು ಕೊಕ್ಕಿನಿಂದ ಕುಟ್ಟುತ್ತದೆ, ಗೂಡಿನ ಅಂಚಿಗೆ ತಳ್ಳುತ್ತದೆ. ತಂದೆತಾಯಿ ಅಲ್ಲೇ ಇರುತ್ತವೆ, ಬಿಡಿಸುವುದಿಲ್ಲ. ಹೆಚ್ಚಿನ ಸಲ ಆ ಚಿಕ್ಕ ಮರಿ ಹಸಿದು ಸಾಯುತ್ತದೆ. ಮೊದಲನೆಯದಕ್ಕೆ ಏನಾದರೂ ಆದರೆ ಇರಲಿ ಎಂಬ ಮುಂಜಾಗ್ರತೆಗಷ್ಟೇ ಹುಟ್ಟಿದ ಜೀವ ಅದು. ನನ್ನ ಮಾತು ಇಷ್ಟೇ: ಸತ್ತ ಮೇಲೂ ಹೊಸ ಜೀವವಿದೆ ಎಂಬ, ಕ್ರಿಸ್ತನಲ್ಲಿರುವ ನಿರೀಕ್ಷೆ ಆ ಎರಡನೆಯ ಮರಿಯನ್ನು ಮುಟ್ಟಬೇಕು.

ಆದಾಮನ ಪಾಪ ಎನ್ನುವವರಿಗೆ ಒಂದು ಮಾತು. ಡೈನೋಸಾರ್‌ಗಳು ಅಳಿದು ಸುಮಾರು 6.6 ಕೋಟಿ ವರ್ಷಗಳಾದವು. ಅವುಗಳ ಮೂಳೆಗಳಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿದೆ, ಮುರಿದು ಕೂಡಿಕೊಂಡ ಗುರುತುಗಳಿವೆ. ಆಗ ಮನುಷ್ಯನೇ ಇರಲಿಲ್ಲ, ಇನ್ನು ಪಾಪ ಮಾಡಿದವರು ಯಾರು? ಬೈಬಲಿನ ಯೋಬನ ಪುಸ್ತಕದಲ್ಲಿ ದೇವರೇ ಹದ್ದಿನ ಮರಿಗಳು ರಕ್ತ ಹೀರುವುದನ್ನು ಎತ್ತಿ ಹೇಳುತ್ತಾನೆ. 104ನೇ ಕೀರ್ತನೆಯಲ್ಲಿ ಸಿಂಹದ ಮರಿಗಳು ಬೇಟೆಗಾಗಿ ಗರ್ಜಿಸಿ ದೇವರಿಂದಲೇ ಆಹಾರ ಕೇಳುತ್ತವೆ. ಇದನ್ನೆಲ್ಲ ಹಾರಿಸಿ ಓದುವವರ ಜೊತೆ ವಾದ ಮಾಡಿ ಫಲವಿಲ್ಲ.

ಇನ್ನು ಕೆಲವರದ್ದು ಸಮತೋಲನದ ಪಾಠ. ಹುಲಿಯ ಹಲ್ಲಿನಿಂದಲೇ ಜಿಂಕೆಗೆ ವೇಗ ಬಂತು, ಸಾವಿನಿಂದಲೇ ಕಾಡು ಉಳಿಯಿತು ಎನ್ನುತ್ತಾರೆ. ನಿಜ. ಆದರೆ ಲಾಭ ಸಿಕ್ಕಿದ್ದು ಕುಲಕ್ಕೆ. ಗೂಡಿನಂಚಿನಲ್ಲಿ ಸತ್ತ ಮರಿಗೆ ಏನು ಸಿಕ್ಕಿತು? ಯೇಸು ಗುಬ್ಬಿಗಳ ಕುಲದ ಬಗ್ಗೆ ಮಾತನಾಡಲಿಲ್ಲ. ಕಾಸಿಗೆ ಎರಡರಂತೆ ಮಾರುವ ಗುಬ್ಬಿಗಳಲ್ಲಿ ಒಂದೂ ತಂದೆಗೆ ತಿಳಿಯದೆ ನೆಲಕ್ಕೆ ಬೀಳದು ಎಂದನು. ಒಂದೂ! ಲೆಕ್ಕ ಒಂದೊಂದರದ್ದು. ಹಾಗಿದ್ದ ಮೇಲೆ ನಿರೀಕ್ಷೆಯೂ ಒಂದೊಂದಕ್ಕೆ ತಲುಪಲೇಬೇಕು.

ಈ ಮಾತು ಹಿಡಿಸಿದರೆ ನಿಮ್ಮ ಸಭೆಯ ಗುಂಪುಗಳಿಗೆ ಕಳುಹಿಸಿ, ಚಾನೆಲ್‌ಗೆ ಚಂದಾದಾರರಾಗಿ. ಇಂಥ ವಿಷಯವನ್ನು ಪ್ರಸಂಗಪೀಠದಿಂದ ಕೇಳುವುದು ಅಪರೂಪ, ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ.

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೇ ಅಧ್ಯಾಯ ತೆಗೆಯಿರಿ. ಸರ್ವಸೃಷ್ಟಿಯೂ ಪ್ರಸವವೇದನೆಯಲ್ಲಿ ನರಳುತ್ತಿದೆ, ನಾಶದ ದಾಸತ್ವದಿಂದ ಬಿಡುಗಡೆ ಹೊಂದುವ ನಿರೀಕ್ಷೆಯಲ್ಲಿದೆ ಎನ್ನುತ್ತಾನೆ. ಸರ್ವಸೃಷ್ಟಿ ಎಂದ ಮೇಲೆ ಹೆಜ್ಜಾರ್ಲೆಯನ್ನು ಹೊರಗಿಡಲು ನಾವು ಯಾರು? ಇದು ಈಗಿನ ಪರಿಸರವಾದಿಗಳು ಕಟ್ಟಿದ ಕಥೆ ಎನ್ನುವವರು ಮೆಥೊಡಿಸ್ಟ್ ಪಂಥವನ್ನು ಆರಂಭಿಸಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯನ್ನು ನೆನೆಯಲಿ. 1781ರಷ್ಟು ಹಿಂದೆಯೇ ಪ್ರಾಣಿಗಳಿಗೂ ಬಿಡುಗಡೆ ಇದೆ ಎಂದು ಪ್ರಸಂಗ ಬರೆದವನು ಆತ.

ಅದು ಹೇಗೆ ಸಾಧ್ಯ, ಸೊಳ್ಳೆಗೂ ಸ್ವರ್ಗವೇ ಎಂದು ನಗುವವರು ಇದ್ದೇ ಇದ್ದಾರೆ. ನಗಲಿ. ಮಣ್ಣಿನಿಂದ ಮನುಷ್ಯನನ್ನು ಎಬ್ಬಿಸುವವನಿಗೆ ಒಂದು ಮರಿ ಭಾರವೇ? ಶಿಲುಬೆಯ ಮೇಲೆ ಹರಿದದ್ದು ಮಾಂಸ, ಸುರಿದದ್ದು ರಕ್ತ. ನೋವು ಏನೆಂದು ಆತನಿಗೆ ಯಾರೂ ಕಲಿಸಬೇಕಾಗಿಲ್ಲ. ಆ ಮರಿಗೆ ಪಾಲಿದೆ. ಇದೆ ಎಂದರೆ ಇದೆ. ನಾನು ಇದನ್ನು ನಂಬುತ್ತೇನೆ, ಮುಂದೆಯೂ ಹೇಳುತ್ತೇನೆ.

ಮುಂದಿನ ವಾರ ಯೋಬನ 38ರಿಂದ 41ನೇ ಅಧ್ಯಾಯ. ಒಮ್ಮೆ ಓದಿಕೊಂಡು ಬನ್ನಿ.