ಚಿತ್ರದ ಕೆಳಗಿನ ಹನ್ನೆರಡು ಹೆಸರು

ಈಗ ಕಾಣ್ತಿರೋದು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ (ಸಿಯೋಲ್) ನಗರದ ಹಾನ್ ನದಿ. ನಾನು ನಿಂತಿರೋದು ಓಕ್ಸು-ದೋಂಗ್ ಬಡಾವಣೆಯ ಮೇಬೋಂಗ್ ಗುಡ್ಡದಲ್ಲಿ, ಎಂಟು ಮೂಲೆಯ ಮಂಟಪದ ಹತ್ರ. ಕೆಳಗೆ ದೋಂಗ್ಹೋ ಸೇತುವೆ, ಅದರ ಮೇಲೆ ಮೆಟ್ರೋ ಓಡ್ತಿದೆ. ಇದೇ ಗುಡ್ಡ, ಇದೇ ನದಿ, 1531ರ ಸುಮಾರಿಗೆ ರೇಷ್ಮೆ ಬಟ್ಟೆ ಮೇಲೆ ಬರೆದ ಒಂದು ಚಿತ್ರದಲ್ಲಿವೆ. ಈಗ ಪಕ್ಕದಲ್ಲಿ ಹಾಕ್ತೀನಿ, ನೋಡಿ.

ಇಂಥ ಚಿತ್ರಗಳಿಗೆ ಕೊರಿಯಾದಲ್ಲಿ ಗ್ಯೇಹ್ವೇದೋ ಅಂತಾರೆ. ಚೋಸನ್ ರಾಜರ ಕಾಲದ ಅಧಿಕಾರಿಗಳು ಒಟ್ಟಿಗೆ ಸೇರಿದಾಗ ಚಿತ್ರಕಾರರ ಕೈಲಿ ಬರೆಸಿ, ಬಂದವರಿಗೆಲ್ಲ ಒಂದೊಂದು ಪ್ರತಿ ಹಂಚಿಕೊಳ್ತಿದ್ರು. ಮೇಲೆ ಶೀರ್ಷಿಕೆ, ನಡುವೆ ಚಿತ್ರ, ಕೆಳಗೆ ಬಂದವರ ಪಟ್ಟಿ.

ಈ ಚಿತ್ರದ ಹನ್ನೆರಡು ಜನರನ್ನು ಸೇರಿಸಿದ್ದು ಓದು. ಹಂಗುಲ್ ಲಿಪಿ ಕೊಟ್ಟ ಸೇಜೋಂಗ್ ರಾಜ 1426ರಲ್ಲಿ ಒಂದು ಪದ್ಧತಿ ತಂದ: ಪ್ರತಿಭೆಯಿರೋ ಯುವ ಅಧಿಕಾರಿಗಳಿಗೆ ಕಚೇರಿ ಕೆಲಸದಿಂದ ಬಿಡುವು, ಬರೀ ಓದೋದಕ್ಕೆ! ಎಂಥ ದೊಡ್ಡ ಮನಸ್ಸು. ಅದಕ್ಕಾಗಿಯೇ 1517ರಲ್ಲಿ ಇಲ್ಲಿ, ನದಿ ದಡದಲ್ಲಿ, ದೋಕ್ಸೋದಾಂಗ್ ಅನ್ನೋ ಓದುಮನೆ ಕಟ್ಟಿದ್ರು.

ಚಿತ್ರದಲ್ಲಿ ಆ ಮನೆ ಎಲ್ಲಿದೆ ಹುಡುಕಿ. ಮಂಜು ಮುಚ್ಚಿದೆ, ಸೂರು ಮಾತ್ರ ಕಾಣುತ್ತೆ. ಕೆಳಗೆ ನೀರಲ್ಲಿ ದೋಣಿ. ಅದರಲ್ಲಿ ಅಧಿಕಾರದ ಉಡುಪು ತೊಟ್ಟವರು ವಿಹಾರ ಹೊರಟಿದ್ದಾರೆ. ಎಷ್ಟು ಜೂಮ್ ಮಾಡಿದ್ರೂ ಯಾರ ಗುರುತೂ ಸಿಗಲ್ಲ. ಹದಿನಾರನೇ ಶತಮಾನದ ಗ್ಯೇಹ್ವೇದೋಗಳಲ್ಲಿ ಸಾಮಾನ್ಯವಾಗಿ ಹೀಗೇ: ಬೆಟ್ಟ ದೊಡ್ಡದು, ಮನುಷ್ಯ ಚಿಕ್ಕವನು.

ಹಾಗಾಗಿ ನನ್ನ ಕಣ್ಣು ಯಾವಾಗಲೂ ಪಟ್ಟಿಗೇ ಹೋಗುತ್ತೆ. ಹೆಸರು, ಕಾವ್ಯನಾಮ, ವಂಶದ ಮೂಲ ಊರು, ಹುಟ್ಟಿದ ವರ್ಷ, ಸರ್ಕಾರಿ ಹುದ್ದೆಯ ಪರೀಕ್ಷೆ ಪಾಸಾದ ವರ್ಷ, ಓದಿನ ರಜೆ ಸಿಕ್ಕಿದ್ದು ಯಾವಾಗ, ಹುದ್ದೆ ಏನು, ಎಲ್ಲ ಬರೆದಿದ್ದಾರೆ. ಅದರಲ್ಲಿ ಜು ಸೆ-ಬುಂಗ್ ಇದ್ದಾರೆ; ಕೊರಿಯಾದ ಮೊದಲ ಸೋವೋನ್, ಅಂದ್ರೆ ಖಾಸಗಿ ಕನ್‌ಫ್ಯೂಷಿಯನ್ ವಿದ್ಯಾಪೀಠ, ಮುಂದೆ 1543ರಲ್ಲಿ ಸ್ಥಾಪಿಸಿದ್ದು ಇವರೇ. ಗಾಸಾ ಅನ್ನೋ ಕೊರಿಯನ್ ಕಾವ್ಯ ಪ್ರಕಾರದಲ್ಲಿ ದೊಡ್ಡ ಹೆಸರು ಮಾಡಿದ ಸೋಂಗ್ ಸೂನ್ ಇದ್ದಾರೆ. ಸೋಂಗ್ ಇನ್-ಸು ಅನ್ನೋ ವಿದ್ವಾಂಸರೂ ಇದ್ದಾರೆ. 1547ರಲ್ಲಿ ಆಸ್ಥಾನದ ಬಣಗಳ ಜಗಳದಲ್ಲಿ ಅವರಿಗೆ ವಿಷ ಕುಡಿಸಿ ಮರಣದಂಡನೆ ಕೊಟ್ರು.

ದೋಣಿಯ ಆ ದಿನ ಇದ್ಯಾವುದೂ ಇವರಿಗೆ ಗೊತ್ತಿಲ್ಲ. ಇಪ್ಪತ್ತು, ಮೂವತ್ತರ ವಯಸ್ಸು, ಮುಂದೆ ಪೂರ್ತಿ ಜೀವನ.

ಓದುಮನೆ 1592ರ ಜಪಾನ್ ದಾಳಿಯ ಯುದ್ಧದಲ್ಲಿ ಸುಟ್ಟುಹೋಯ್ತು. ಈ ಚಿತ್ರ ಜಪಾನ್‌ನಲ್ಲಿದ್ದು, ಆಮೇಲೆ ನ್ಯೂಯಾರ್ಕ್ ಹರಾಜಿಗೆ ಬಂದು, 2022ರಲ್ಲಿ ಕೊರಿಯಾಕ್ಕೆ ವಾಪಸ್ ಬಂತು. ಇದೇ ಓದುಮನೆ ಗೆಳೆಯರ ಇನ್ನೊಂದು ಚಿತ್ರ, 1570ರ ಸುಮಾರಿನದು, ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿದೆ. ಯಾವತ್ತಾದ್ರೂ ಇಂಥ ಚಿತ್ರದ ಮುಂದೆ ನಿಂತ್ರೆ, ಬೆಟ್ಟ ಆಮೇಲೆ ನೋಡಿ. ಮೊದಲು ಕೆಳಗಿನ ಸಾಲುಗಳಲ್ಲಿ ಯಾರ್ಯಾರಿದ್ದಾರೆ ಅಂತ ಕೇಳಿ ತಿಳ್ಕೊಳ್ಳಿ.