ಪೆನ್ಸಿಲ್ ತೂರುವಷ್ಟು ಜಾಗ: ಕ್ಯಾಂಪರ್ ವ್ಯಾನ್‌ಗೆ ಇಲಿ ನುಗ್ಗಿದಾಗ

ಬಾಗಿಲು ತೆಗೆದ ತಕ್ಷಣ ವಾಸನೆ. ವಿಡಿಯೋದಲ್ಲಿ ನಿಮಗೆ ಗೊತ್ತಾಗುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಮುಗ್ಗಲು ವಾಸನೆ ಬೇರೆ, ಇದು ಇಲಿ ಉಚ್ಚೆ. ಒಂದು ಸಲ ಮೂಗಿಗೆ ಹತ್ತಿದರೆ ಮತ್ತೆ ಮರೆಯುವುದಿಲ್ಲ. ಒಳಗೇ ಮಲಗಿಕೊಂಡು ಊರೂರು ಸುತ್ತುವ ನಮ್ಮ ವ್ಯಾನ್ ಆರು ವಾರ ನಿಂತಲ್ಲೇ ನಿಂತಿತ್ತು. ಅಷ್ಟು ಸಾಕಾಯಿತು.

ಇಗೋ, ಡ್ರಾಯರ್ ಒಳಗೆ ನೋಡಿ. ಜೀರಿಗೆ ಕಾಳಿನಷ್ಟು ಹಿಕ್ಕೆ, ತುದಿ ಚೂಪು. ಹಾಗಾದರೆ ಇದು ಸುಂಡಿಲಿ. ಹೆಗ್ಗಣ ಆಗಿದ್ದರೆ ಹಿಕ್ಕೆ ಇದಕ್ಕಿಂತ ತುಂಬಾ ದಪ್ಪ ಇರುತ್ತಿತ್ತು.

ಪೊರಕೆ ಮಾತ್ರ ಮುಟ್ಟಬೇಡಿ, ದಯವಿಟ್ಟು. ವ್ಯಾಕ್ಯೂಮ್ ಕೂಡ ಬೇಡ. ಒಣಗಿದ ಹಿಕ್ಕೆ ಗುಡಿಸಿದರೆ ಧೂಳು ಏಳುತ್ತದೆ, ಅದನ್ನೇ ನಾವು ಉಸಿರಾಡುತ್ತೇವೆ. ಕೆಲವು ಜಾತಿಯ ಇಲಿಗಳಿಂದ, ಜೀವಕ್ಕೇ ಅಪಾಯ ತರಬಲ್ಲ ಹ್ಯಾಂಟಾ ವೈರಸ್ ಮನುಷ್ಯರಿಗೆ ಬರುವುದು ಹೆಚ್ಚಾಗಿ ಹೀಗೇ. ವ್ಯಾನ್ ಅಂದರೆ ಚಿಕ್ಕ ಡಬ್ಬ, ಗಾಳಿಗೆ ಹೋಗಲು ಜಾಗವೇ ಇಲ್ಲ. ಅದಕ್ಕೆ ಮೊದಲು ಬಾಗಿಲು ಕಿಟಕಿ ಎಲ್ಲ ತೆಗೆದು ಅರ್ಧ ಗಂಟೆ ಹೊರಗೆ ನಿಂತೆ. ಆಮೇಲೆ ಗ್ಲೌಸ್. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು. ಹಿಕ್ಕೆ ಪೂರ್ತಿ ನೆನೆಯುವ ಹಾಗೆ ಸ್ಪ್ರೇ ಮಾಡಿ ಐದು ನಿಮಿಷ ಬಿಟ್ಟು, ಕಾಗದದಲ್ಲಿ ಒರೆಸಿ ತೆಗೆಯುವುದು. ಅಷ್ಟೇ. ಉಳಿದಿದ್ದನ್ನು ವೇಗವಾಗಿ ಓಡಿಸುತ್ತೇನೆ, ನೋಡಿಕೊಳ್ಳಿ.

ಈಗ ಪಂಪಿನ ಕಥೆ. ಇದನ್ನು ಪೂರ್ತಿ ಹೇಳಲೇಬೇಕು, ನನ್ನ ಮೂರು ದಿನ ಇದಕ್ಕೇ ಹೋಯಿತು. ನಲ್ಲಿ ತಿರುಗಿಸಿದೆ, ನೀರಿಲ್ಲ. ಪಂಪ್ ಸದ್ದೇ ಇಲ್ಲ. ಫ್ಯೂಸ್ ನೋಡಿದೆ, ಸರಿಯಿದೆ. ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿದೆ, ಅದೂ ಸರಿ. ಹಾಗಿದ್ದರೆ ಪಂಪೇ ಹೋಗಿದೆ ಅಂದುಕೊಂಡು ಬಿಚ್ಚಿದೆ. ಹೊರಗೆ ತಂದು ನೇರವಾಗಿ ಬ್ಯಾಟರಿಗೆ ಕೊಟ್ಟೆ. ಗರ್ ಅಂತ ತಿರುಗಿತು! ಅಂದರೆ ತೊಂದರೆ ವೈರಿನಲ್ಲಿ. ಆ ವೈರ್ ಹೋಗುವುದು ಮಂಚದ ಕೆಳಗಿನ ಹಲಗೆ ಹಿಂದೆ. ಹಲಗೆಗೆ 14 ಸ್ಕ್ರೂ, ಅದರಲ್ಲಿ ಎರಡು ತುಕ್ಕು ಹಿಡಿದು ಅಲುಗಾಡಲಿಲ್ಲ. ಆ ಎರಡು ಸ್ಕ್ರೂಗೇ ಒಂದು ಮಧ್ಯಾಹ್ನ ಹೋಯಿತು. ಕೊನೆಗೆ ಹಲಗೆ ಬಂತು, ಟಾರ್ಚ್ ಹಿಡಿದೆ. ನೋಡಿ, ಈ ಕೆಂಪು ವೈರ್. ಎರಡು ಬೆರಳು ಅಗಲ ಪ್ಲಾಸ್ಟಿಕ್ ಪೂರ್ತಿ ತಿಂದು ಹಾಕಿದೆ, ತಾಮ್ರ ಬೆತ್ತಲೆ. ಪಕ್ಕದ ಕಪ್ಪು ವೈರ್ ಎರಡು ತುಂಡು.

ಇಲಿಗಳ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಅದು ಸವೆಯಬೇಕು, ಅದಕ್ಕೆ ಏನಾದರೂ ಕಡಿಯುತ್ತಲೇ ಇರುತ್ತವೆ. ಅದು ನನಗೆ ಅರ್ಥವಾಗುತ್ತದೆ. ಆದರೆ ಆ ಬೆತ್ತಲೆ ತಂತಿ ಪಕ್ಕದ ಕಬ್ಬಿಣಕ್ಕೆ ತಾಗಿದ್ದರೆ? ಮೇಲೆ ನಾವು ಮಲಗುವ ಹಾಸಿಗೆ. ಅದನ್ನು ಯೋಚಿಸಿದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಅದರ ಪಕ್ಕದಲ್ಲೇ ಗೂಡು. ಖಾಲಿಯಾಗಿತ್ತು. ಸೀಟಿನ ಸ್ಪಂಜು, ಟಿಶ್ಯೂ, ಜೊತೆಗೆ ಕಾಗದದ ಚೂರು. ಚೂರಿನ ಮೇಲೆ ನನ್ನ ಅಕ್ಷರ. ನಾವು ಎಲ್ಲೆಲ್ಲಿ ರಾತ್ರಿ ಉಳಿದೆವು, ಯಾರು ಸಿಕ್ಕರು, ಆಕಾಶ ಹೇಗಿತ್ತು, ಎಲ್ಲ ಬರೆದಿಟ್ಟ ಪುಸ್ತಕ ಅದು. ಅರ್ಧ ಹೋಗಿದೆ. ವೈರ್ ಹೊಸದು ಹಾಕಬಹುದು. ಇದಕ್ಕೆ ಏನು ಮಾಡಲಿ? ಫೋನಿನಲ್ಲಿ ಬರೆದಿದ್ದರೆ ಉಳಿಯುತ್ತಿತ್ತು ಅಂತ ತಮ್ಮ ಅಂದ. ಇರಬಹುದು. ಆದರೆ ಬೆಳಗ್ಗೆ ಎದ್ದು ಪೆನ್ನು ಹಿಡಿದು ಕೂರುವ ಆ ಹತ್ತು ನಿಮಿಷ ನನಗೆ ಬೇಕು, ಫೋನಿನಲ್ಲಿ ಅದು ಬರುವುದಿಲ್ಲ. ಸರಿ, ಕತ್ತಲಾಯಿತು, ಮುಖ್ಯ ಕೆಲಸ ಈಗ.

ತೂತು ಹುಡುಕಲು ಕತ್ತಲೇ ಬೇಕು. ನಾನು ಒಳಗೆ ದೀಪ ಆರಿಸಿ ಕೂತಿದ್ದೇನೆ, ತಮ್ಮ ಕೆಳಗೆ ಮಲಗಿ ಟಾರ್ಚ್ ಬಿಡುತ್ತಿದ್ದಾನೆ.

"ಅಕ್ಕಾ, ಇಲ್ಲಿ ಕಾಣ್ತಿದ್ಯಾ?"

"ಇಲ್ಲ ಕಣೋ, ಇನ್ನೂ ಮುಂದೆ ಬಾ. ಹಾಂ, ನಿಲ್ಲು, ಅಲ್ಲೇ!"

ಸಿಂಕ್ ಕೆಳಗೆ ಪೈಪ್ ಬರುವ ಜಾಗ, ನೋಡಿ, ನಕ್ಷತ್ರದ ಹಾಗೆ ಬೆಳಕು. ಪೈಪ್ ಸಣ್ಣದು, ತೂತು ದೊಡ್ಡದು. ಸುಂಡಿಲಿಗೆ 6 ಮಿಲಿಮೀಟರ್ ಸಂದು ಸಾಕು. ಪೆನ್ಸಿಲ್ ತೂರಿದರೆ ಇಲಿಯೂ ತೂರುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಟೈರ್ ಹತ್ತಿ ಬರುತ್ತವೆ, ನೆಲಕ್ಕೆ ಬಿದ್ದಿರುವ ಕರೆಂಟ್ ಕೇಬಲ್ ಹಿಡಿದು ಬರುತ್ತವೆ. ನಮ್ಮಲ್ಲಿ ಒಟ್ಟು ಏಳು ಕಡೆ ಬೆಳಕು ಕಂಡಿತು. ಏಳು! ದೊಡ್ಡದು ಆ ಕೇಬಲ್ ಒಳಗೆ ಬರುವ ಪುಟ್ಟ ಬಾಗಿಲು. ಮುಚ್ಚಿಯೇ ಇತ್ತು, ಆದರೆ ಕೇಬಲ್‌ಗೆ ಅಂತ ಬಿಟ್ಟ ಮೂಲೆ ಹಾಗೇ ತೆರೆದಿತ್ತು.

ಕಳೆದ ವರ್ಷ ಇದೇ ಚಾನೆಲ್‌ನಲ್ಲಿ ತೂತಿಗೆ ಫೋಮ್ ಸ್ಪ್ರೇ (ಉಬ್ಬಿ ಗಟ್ಟಿಯಾಗುವ ನೊರೆ) ಹೊಡೆಯಿರಿ, ಸಾಕು ಅಂದಿದ್ದೆ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಈ ಹಳದಿ ಪುಡಿ ಕಾಣುತ್ತಿದೆಯಲ್ಲ, ಅದೇ ನಾನು ಹೊಡೆದ ಫೋಮ್. ನೇರವಾಗಿ ಕೊರೆದುಕೊಂಡು ಬಂದಿವೆ. ಈ ಸಲ ತಾಮ್ರದ ಜಾಲರಿ ಬಿಗಿಯಾಗಿ ತುರುಕಿ, ಮೇಲೆ ಸೀಲೆಂಟ್, ಅಂದರೆ ಸಂದು ಮುಚ್ಚುವ ಅಂಟು. ಪಾತ್ರೆ ಉಜ್ಜುವ ಕಬ್ಬಿಣದ ನಾರೂ ಆಗುತ್ತದೆ, ಆದರೆ ನೀರು ತಾಗಿ ತುಕ್ಕು ಹಿಡಿದು ಪುಡಿಯಾಗುತ್ತದೆ. ಸ್ಟೇನ್‌ಲೆಸ್ ಆದರೆ ಪರವಾಗಿಲ್ಲ.

ಒಂದು ನಿಮಿಷ, ಇದನ್ನು ಕೇಳಿಸಿಕೊಳ್ಳಿ. ಗ್ಯಾಸ್ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಒಂದು ತೂತು ಇರುತ್ತದೆ. ಅದನ್ನು ಮುಚ್ಚಬೇಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿಯುತ್ತದೆ, ಅದು ಹೊರಗೆ ಹೋಗಲು ಇರುವ ದಾರಿಯೇ ಆ ತೂತು. ಅಲ್ಲಿ ಬರೀ ಜಾಲರಿ ಹಾಕಿ. ಹೀಟರ್ ಹೊಗೆ ಹೋಗುವ ಕೊಳವೆಗಂತೂ ಕೈಗೆ ಸಿಕ್ಕಿದ್ದನ್ನು ತುರುಕಲೇಬೇಡಿ. ಅದು ಕಟ್ಟಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಆ ಹೀಟರಿಗೆ ಅಂತಲೇ ಮಾಡಿದ ಜಾಲರಿ ಇದ್ದರೆ ಅದನ್ನೇ ಹಾಕಿ, ಇಲ್ಲದಿದ್ದರೆ ಹಾಗೇ ಬಿಡಿ. ಇಲಿಗಿಂತ ಜೀವ ದೊಡ್ಡದು ಅಲ್ವಾ?

ತಮ್ಮ ಜಾಲರಿ ಕತ್ತರಿಸುವಷ್ಟರಲ್ಲಿ ಉಳಿದದ್ದು ಹೇಳಿಬಿಡುತ್ತೇನೆ. ಪುದಿನಾ ಎಣ್ಣೆ: ನಾನೂ ಹತ್ತಿ ಉಂಡೆಯಲ್ಲಿ ಇಟ್ಟಿದ್ದೆ. ವಾಸನೆ ಬೇಗ ಆರಿಹೋಗುತ್ತದೆ, ಆರು ವಾರ ನಿಂತ ವ್ಯಾನ್‌ಗೆ ಅದರಿಂದ ಏನೂ ಆಗುವುದಿಲ್ಲ. ನುಸಿಗುಳಿಗೆ ಬೇಡವೇ ಬೇಡ, ಅದರ ಆವಿ ನಮಗೇ ವಿಷ, ಬಟ್ಟೆಯಿಂದ ವಾಸನೆ ಹೋಗುವುದಿಲ್ಲ. ಕಿವಿಗೆ ಕೇಳದ ಶಬ್ದ ಮಾಡುವ ಯಂತ್ರ ಬರುತ್ತದಲ್ಲ, ಅದರ ದೊಡ್ಡ ದೊಡ್ಡ ಮಾತುಗಳ ಬಗ್ಗೆ ಗ್ರಾಹಕರಿಗೆ ಮೋಸ ಆಗದಂತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ 60ಕ್ಕೂ ಹೆಚ್ಚು ತಯಾರಕರು, ಮಾರಾಟಗಾರರಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ಆ ಶಬ್ದ ಹಲಗೆ, ಹಾಸಿಗೆ ದಾಟುವುದಿಲ್ಲ, ಇಲಿಗಳಿಗೆ ಅಭ್ಯಾಸವೂ ಆಗುತ್ತದೆ. ವಿಷ ಇಡುವುದಿಲ್ಲ. ಗೋಡೆ ಹಲಗೆ ಒಳಗೆ ಹೋಗಿ ಸತ್ತರೆ ಎಲ್ಲಿ ಅಂತ ಹುಡುಕುವುದು? ಸತ್ತ ಇಲಿ ತಿಂದು ಗೂಬೆಯೂ ಸಾಯುತ್ತದೆ. ಅಂಟಿನ ಹಾಳೆ ನನ್ನಿಂದ ಸಾಧ್ಯವೇ ಇಲ್ಲ, ಗಂಟೆಗಟ್ಟಲೆ ಒದ್ದಾಡುತ್ತವೆ.

ಬೋನೂ ಬೇಡ ಅಂತಿದ್ದೆ. ಮನಸ್ಸು ಬದಲಾಯಿತು. ಹೆಣ್ಣು ಸುಂಡಿಲಿ ಮೂರು ವಾರದಲ್ಲಿ ಮರಿ ಹಾಕುತ್ತದೆ, ಒಂದೊಂದು ಸೂಲಿಗೆ ಐದಾರು. ಆ ಮರಿಗಳು ಆರೇಳು ವಾರದಲ್ಲಿ ತಾವೇ ಮರಿ ಹಾಕಲು ತಯಾರು. ನಾನು ವ್ಯಾನ್ ನಿಲ್ಲಿಸಿದ ದಿನ ಹುಟ್ಟಿದವು ಈಗ ದೊಡ್ಡವಾಗಿವೆ. ಒಳಗೆ ಯಾವುದಾದರೂ ಉಳಿದಿರುವಾಗ ತೂತು ಮುಚ್ಚಿದರೆ ಅದು ಇಲ್ಲೇ ಸಾಯುತ್ತದೆ. ಅದಕ್ಕೆ ತಕ್ಷಣ ಹೊಡೆದು ಮುಗಿಸುವ ಸ್ಪ್ರಿಂಗ್ ಬೋನು ಎರಡು ಇಟ್ಟೆ. ಗೋಡೆಗೆ ಅಡ್ಡವಾಗಿ, ತಿಂಡಿ ಇರುವ ಬದಿ ಗೋಡೆಗೆ ತಾಗಿಸಿ ಇಡಿ, ಅವು ಗೋಡೆ ಪಕ್ಕದಲ್ಲೇ ಓಡಾಡುವುದು. ಒಂದು ಬಿತ್ತು. ಬೇಜಾರಾಯಿತು. ಅದನ್ನು ತೋರಿಸುವುದಿಲ್ಲ.

ಏಳೂ ತೂತು ಮುಚ್ಚಿ ಆಯಿತು. ಸೋಪು, ಮೇಣದ ಬತ್ತಿ, ಟಿಶ್ಯೂ, ದಿಂಬು, ಎಲ್ಲ ಮುಚ್ಚಳದ ಡಬ್ಬಕ್ಕೆ. ಸೋಪನ್ನೂ ಕಡಿಯುತ್ತವೆ, ಮರೆಯಬೇಡಿ. ವ್ಯಾನನ್ನು ಹುಲ್ಲಿನಿಂದ ಎತ್ತಿ ಕಾಂಕ್ರೀಟ್ ಮೇಲೆ ನಿಲ್ಲಿಸಿದೆವು. ಇನ್ನು ಮೇಲೆ ಎರಡು ವಾರಕ್ಕೊಮ್ಮೆ ಬಂದು ಡ್ರಾಯರ್ ಎಲ್ಲ ತೆಗೆದು ನೋಡುತ್ತೇನೆ.

ಮಲಗುವ ಮುಂಚೆ ಕೇಬಲ್ ಬಾಗಿಲಿನ ಒಳಗೂ ಹೊರಗೂ ತೆಳ್ಳಗೆ ಪೌಡರ್ ಉದುರಿಸಿದ್ದೆ. ಇದು ಬೆಳಗಿನ ಶಾಟ್. ಹೊರಗೆ ಪುಟ್ಟ ಪುಟ್ಟ ಹೆಜ್ಜೆ, ಜಾಲರಿವರೆಗೆ ಬಂದು ವಾಪಸ್ ಹೋಗಿವೆ. ಒಳಗಿನ ಪೌಡರ್ ಹಾಗೇ ಇದೆ. ತಮ್ಮ ನಲ್ಲಿ ತಿರುಗಿಸುತ್ತಿದ್ದಾನೆ, ಪಂಪ್ ಸದ್ದು ಕೇಳಿಸಿತಾ?