ಗುಜರಿಗೆ ಹೊರಟಿದ್ದ ಟಿವಿಯಲ್ಲಿ ಬಾತುಕೋಳಿ ಬೇಟೆ

ನಮಸ್ಕಾರ ಎಲ್ಲರಿಗೂ. ಈ ಸಲ ತೀರ್ಥಹಳ್ಳಿ ಹತ್ತಿರ ನಮ್ಮ ದೊಡ್ಡಮ್ಮನ ಮನೆಗೆ ಬಂದಿದ್ದೇನೆ. ಹಿಂದೆ ಕೇಳಿಸುತ್ತಿರುವುದು ಆಷಾಢದ ಮಳೆ. ಅದು ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.

ಮೇಜಿನ ಮೇಲೆ ಏನಿದೆ ನೋಡಿ. 21 ಇಂಚಿನ ಹಳೇ ಡಬ್ಬಾ ಟಿವಿ. ಪಕ್ಕದಲ್ಲಿ ಕ್ಯಾಸೆಟ್ ಹಾಕಿ ಆಡುವ ವಿಡಿಯೋ ಗೇಮ್, ಎರಡು ರಿಮೋಟ್, ಟಿವಿಗೆ ಗುರಿಯಿಟ್ಟು ಆಡುವ ಒಂದು ಗನ್. ಈ ಟಿವಿ ಗುಜರಿಗೆ ಹೋಗುವುದರಲ್ಲಿತ್ತು. "ಸುಮ್ನೆ ಜಾಗ ತಿನ್ನುತ್ತೆ, ತಗೊಂಡು ಹೋಗೋ ಮಾರಾಯ" ಅಂದರು ದೊಡ್ಡಮ್ಮ. ನಾನು ಅದನ್ನು ಒರೆಸಿ ಇಲ್ಲೇ ಪ್ಲಗ್ ಹಾಕಿ ಕೂತೆ. ಆಗ ಅಕ್ಕನ ಮಗ ಬಂದು ಕೇಳಿದ, "ಮಾವ, ಈ ಗೇಮೆಲ್ಲ ಫೋನಲ್ಲೇ ಸಿಗುತ್ತಲ್ಲ, ಇದೆಲ್ಲ ಯಾಕೆ?"

ಒಳ್ಳೇ ಪ್ರಶ್ನೆ. ಇವತ್ತಿನ ವಿಡಿಯೋ ಪೂರ್ತಿ ಅವನಿಗೆ ಉತ್ತರ.

ಮೊದಲು ಸ್ಪೇಸ್ ಇನ್ವೇಡರ್ಸ್ ಅನ್ನೋ ಆಟದ ಕತೆ ಕೇಳಿ. 1978, ಜಪಾನಿನ ಟೈಟೋ ಕಂಪನಿ, ಮಾಡಿದವರು ತೊಮೊಹಿರೊ ನಿಶಿಕಾಡೊ. ಮೇಲಿಂದ 55 ಶತ್ರುಗಳು ಸಾಲಾಗಿ ಇಳಿಯುತ್ತಾರೆ, ಕೆಳಗಿಂದ ನೀವು ಹೊಡೆಯಬೇಕು. ಹೊಡೆದಷ್ಟೂ ಉಳಿದವರ ಓಟ ಜೋರಾಗುತ್ತದೆ, ಕೊನೆಯವನಂತೂ ಕೈಗೇ ಸಿಗುವುದಿಲ್ಲ, ಎದೆ ಡವಡವ ಅನ್ನುತ್ತದೆ. ಮೊದಲು ಅದು ಯಾರೂ ಕೂತು ಯೋಚಿಸಿ ಇಟ್ಟ ವೇಗ ಆಗಿರಲಿಲ್ಲ. ಅದರೊಳಗಿದ್ದ ಇಂಟೆಲ್ 8080 ಚಿಪ್‌ಗೆ ಅಷ್ಟೂ ಜನರನ್ನು ಒಟ್ಟಿಗೆ ಸರಿಸುವ ತಾಕತ್ತು ಇರಲಿಲ್ಲ. ಒಬ್ಬೊಬ್ಬರನ್ನೇ ಸರಿಸುತ್ತಾ ಹೋಗಬೇಕಿತ್ತು. ಜನ ಕಡಿಮೆಯಾದಂತೆ ಕೆಲಸ ಕಡಿಮೆ, ಹಾಗಾಗಿ ಓಟ ಜೋರು. ನಿಶಿಕಾಡೊ ಅದನ್ನು ಕಂಡು ಹಾಗೇ ಉಳಿಸಿಕೊಂಡರು. ಇವತ್ತು ಫೋನಿನಲ್ಲಿ ಅದೇ ಆಟ ಬೇಕೆಂದರೆ ಆ ಹಳೇ ಚಿಪ್ಪಿನ ನಿಧಾನವನ್ನೂ ಬೇಕಂತಲೇ ನಕಲು ಮಾಡಬೇಕು. ಮಷಿನ್ ಹೇಗಿತ್ತೋ ಆಟ ಹಾಗೆ ಹುಟ್ಟಿದೆ. ಈ ಮಾತು ನೆನಪಿಟ್ಟುಕೊಳ್ಳಿ, ಗನ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಮುಸ್ತಫಾ ಅನ್ನೋ ಆಟದ ಬಗ್ಗೆ ಹೇಳದೆ ಮುಂದೆ ಹೋದರೆ ನಮ್ಮ ವಯಸ್ಸಿನವರು ಯಾರೂ ಕ್ಷಮಿಸುವುದಿಲ್ಲ. ಶಿವಮೊಗ್ಗದಲ್ಲಿ ಒಂದು ಗೇಮ್ ಅಂಗಡಿ ಇತ್ತು, ಬಾಗಿಲಿಗೆ ಪರದೆ, ಒಳಗೆ ಕತ್ತಲು, ರೂಪಾಯಿ ಕೊಟ್ಟರೆ ಒಂದು ಕಾಯಿನ್. ಅಲ್ಲಿ ಎಲ್ಲರಿಗೂ ಬೇಕಾಗಿದ್ದದ್ದು ಹಳದಿ ಟೋಪಿಯ ಮುಸ್ತಫಾ. ಆಟದ ನಿಜವಾದ ಹೆಸರು ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್ ಕಂಪನಿಯದು, 1993ರದ್ದು. ಆ ಹೆಸರು ಹೇಳಿ ಕಾಯಿನ್ ಕೇಳಿದವರನ್ನು ನಾನಂತೂ ನೋಡಿಲ್ಲ. ಮೂರು ಜನ ಒಟ್ಟಿಗೆ ಆಡಬಹುದಿತ್ತು. ಭುಜಕ್ಕೆ ಭುಜ ಒತ್ತಿಕೊಂಡು ನಿಂತು, ಜಾಯ್‌ಸ್ಟಿಕ್ ಕೋಲು ತಿರುಗಿಸುತ್ತಾ, ಓಡಿ ಬಂದು ಒದೆಯುವಾಗ ಪಕ್ಕದವನ ಮೊಣಕೈ ನಮ್ಮ ಪಕ್ಕೆಗೆ ತಾಗುತ್ತಾ, ಹಿಂದೆ ನಿಂತವರು "ಮಾಂಸ ತಗೋ, ಮಾಂಸ ತಗೋ" ಅಂತ ಕೂಗುತ್ತಾ ಆಡುವ ಆಟ ಅದು. ಮಾಂಸ ಸಿಕ್ಕರೆ ಆಟದಲ್ಲಿ ಶಕ್ತಿ ಬರುತ್ತಿತ್ತು. ಗಾಜಿನ ಮೇಲೆ ಹೆಬ್ಬೆರಳು ಉಜ್ಜಿದರೆ ಅದರ ಅರ್ಧವೂ ಸಿಗುವುದಿಲ್ಲ.

ಆ ಆಟದ ಅಸಲಿ ಸರ್ಕ್ಯೂಟ್ ಬೋರ್ಡಿನಲ್ಲಿ ಒಂದು ಬ್ಯಾಟರಿ ಇದೆ, ಗೊತ್ತಾ? ಯಾರೂ ಕಾಪಿ ಹೊಡೆಯಬಾರದು ಅಂತ ಕಂಪನಿಯವರು ಕೋಡಿಗೆ ಬೀಗ ಹಾಕಿದ್ದರು. ಅದರ ಕೀಲಿ ಬ್ಯಾಟರಿಯ ಕರೆಂಟ್ ಇರುವಷ್ಟು ದಿನ ಮಾತ್ರ ಉಳಿಯುತ್ತದೆ. ಬ್ಯಾಟರಿ ಸತ್ತರೆ ಕೀಲಿ ಅಳಿಸಿಹೋಗುತ್ತದೆ, ಬೋರ್ಡ್ ಕೈಕೊಡುತ್ತದೆ. ಈಗ ಹವ್ಯಾಸಿಗಳು ಸೇರಿ ಅಂಥ ಬೋರ್ಡುಗಳನ್ನು ಮತ್ತೆ ಬದುಕಿಸುವ ದಾರಿ ಕಂಡುಕೊಂಡಿದ್ದಾರೆ. ಅವರಿಗೆ ದೊಡ್ಡ ನಮಸ್ಕಾರ.

ಸರಿ, ಮೇಜಿಗೆ ವಾಪಸ್ ಬರೋಣ. ಈ ವಿಡಿಯೋ ಗೇಮ್ ಡಬ್ಬಿ 1983ರಲ್ಲಿ ಬಂದ, ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಅನ್ನೋ ಗೇಮ್ ಮಷಿನ್ನಿನ ನಕಲು. ನಮ್ಮೂರ ಕಡೆ ಮನೆಮನೆಗೂ ಬಂದಿದ್ದು ಇಂಥವೇ. ಕ್ಯಾಸೆಟ್ ಬಿಚ್ಚಿದ್ದೇನೆ, ಹತ್ತಿರದಿಂದ ನೋಡಿ. ಹೊರಗೆ 9999999 ಗೇಮ್ ಅಂತ ಬರೆದಿದೆ. ಒಳಗೆ ಇಷ್ಟಗಲದ ಬೋರ್ಡ್, ಮಧ್ಯದಲ್ಲಿ ಕರಿ ಅಂಟಿನ ಗುಳ್ಳೆ, ಅದರ ಕೆಳಗೆ ಚಿಪ್. ಕೆಳಅಂಚಿನಲ್ಲಿ 60 ಪಿನ್, ಒಂದೊಂದು ಕಡೆ 30. ಅಂಚಿನ ಹತ್ತಿರ ಹಸಿರಾಗಿ ಕಾಣುತ್ತಿದೆಯಲ್ಲ, ಅದು ಕಿಲುಬು.

ಮಲೆನಾಡಿನಲ್ಲಿ ಇದೇ ದೊಡ್ಡ ಕಾಟ. ಜೂನ್‌ನಿಂದ ನಾಲ್ಕು ತಿಂಗಳು ಗೋಡೆಯೇ ಒದ್ದೆ ಇರುವಾಗ ತಾಮ್ರದ ಪಿನ್ ಹೇಗೆ ಉಳಿಯಬೇಕು? ಆಟ ಬರದಿದ್ದರೆ ಎಲ್ಲರೂ ಕ್ಯಾಸೆಟ್ ತೆಗೆದು ಉಫ್ ಅಂತ ಊದುತ್ತಿದ್ದೆವು, ನೆನಪಿದೆಯಾ? ತೆಗೆದು ಮತ್ತೆ ಹಾಕಿದಾಗ ಪಿನ್ ಸರಿಯಾಗಿ ಕೂರುತ್ತಿತ್ತು, ಅದಕ್ಕೆ ಆಟ ಬರುತ್ತಿತ್ತು. ಬಾಯಿಯ ತೇವ ಮಾತ್ರ ಕಿಲುಬನ್ನು ಹೆಚ್ಚು ಮಾಡುತ್ತದೆ. ಹಾಗಾಗಿ ಊದಬೇಡಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ. ಇಯರ್ ಬಡ್ ಅದ್ದಿ ಪಿನ್ ಉದ್ದಕ್ಕೆ ಮೆತ್ತಗೆ ಉಜ್ಜಿ. ನೋಡಿ, ಹತ್ತಿ ಹೇಗೆ ಕಪ್ಪಾಯಿತು. ಹತ್ತಿ ಬಿಳಿಯಾಗೇ ಉಳಿಯುವ ತನಕ ಬಿಡಬೇಡಿ. ಒಣಗಿದ ಮೇಲೆ ಒಲೆಯ ಮೇಲಿನ ಅಟ್ಟದಲ್ಲಿ, ಗಟ್ಟಿ ಮುಚ್ಚಳದ ಡಬ್ಬದಲ್ಲಿ ಇಡಿ. ಹಳೇ ಮನೆಗಳಲ್ಲಿ ಮಳೆಗಾಲದಲ್ಲೂ ಬೆಚ್ಚಗಿರುವ ಜಾಗ ಅದೊಂದೇ. ಈ ಕ್ಯಾಸೆಟ್ ಇಷ್ಟಾದರೂ ಉಳಿದಿದ್ದು ದೊಡ್ಡಮ್ಮ ಅದನ್ನು ಅಲ್ಲಿ ಇಟ್ಟಿದ್ದಕ್ಕೆ.

ಹಳದಿ ಪಿನ್ ಚಿತ್ರಕ್ಕೆ, ಬಿಳಿ ಪಿನ್ ಶಬ್ದಕ್ಕೆ. ಹಾಕಿ, ಆನ್ ಮಾಡಿದೆ... ಬಂತು! ಆ ಟ್ಯೂನ್ ಕೇಳಿ. ದೊಡ್ಡಮ್ಮ ಅಡುಗೆಮನೆಯಿಂದಲೇ "ಮತ್ತೆ ಶುರುವಾಯ್ತಾ" ಅಂದರು.

ಈಗ ಗನ್. ಆಟ ಡಕ್ ಹಂಟ್, ಅಂದರೆ ಬಾತುಕೋಳಿ ಬೇಟೆ, ನಿಂಟೆಂಡೊ, 1984. ಅಕ್ಕನ ಮಗ ಮೊದಲು ಹಾಲ್‌ನಲ್ಲಿರುವ ಎಲ್‌ಇಡಿ ಟಿವಿಗೆ ಹಾಕಿ ಆಡಿದ. ಒಂದು ಬಾತುಕೋಳಿಯೂ ಬೀಳಲಿಲ್ಲ. ಪರದೆಗೆ ಗನ್ ತಾಗಿಸಿ ಹೊಡೆದರೂ ಬೀಳಲಿಲ್ಲ, ಆಟದೊಳಗಿನ ನಾಯಿ ಎದ್ದು ನಗುತ್ತಲೇ ಇತ್ತು. ಅದೇ ಡಬ್ಬಿ, ಅದೇ ಗನ್ ಈ ಹಳೇ ಟಿವಿಗೆ ಹಾಕಿದ ಮೇಲೆ ನೋಡಿ. ಬಿತ್ತು. ಮತ್ತೊಂದು ಬಿತ್ತು.

ಯಾಕೆ ಅಂತ ಸ್ಲೋ ಮೋಷನ್‌ನಲ್ಲಿ ತೆಗೆದಿದ್ದೇನೆ. ಟ್ರಿಗರ್ ಒತ್ತಿದ. ಪರದೆ ಪೂರ್ತಿ ಕಪ್ಪು. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ. ಮತ್ತೆ ಮಾಮೂಲಿ ಚಿತ್ರ. ಗನ್ನಿನಿಂದ ಏನೂ ಹೊರಗೆ ಬರುವುದಿಲ್ಲ, ಅದರ ನಳಿಕೆಯ ಒಳಗಿರುವುದು ಬೆಳಕು ಹಿಡಿಯುವ ಕಣ್ಣು. ಕಪ್ಪಾದಾಗ ಕತ್ತಲು ಕಂಡು, ಚೌಕ ಬಂದಾಗ ಬೆಳಕು ಕಂಡರೆ ಗುರಿ ಸರಿ ಅಂತ ಲೆಕ್ಕ. ಎರಡು ಬಾತುಕೋಳಿ ಇದ್ದರೆ ಒಂದರ ಹಿಂದೆ ಒಂದು ಚೌಕ ಬರುತ್ತದೆ, ಯಾವ ಚೌಕಕ್ಕೆ ಬೆಳಕು ಕಂಡಿತೋ ಆ ಹಕ್ಕಿ ಬಿತ್ತು. ನಮ್ಮ ಹಳೇ ಟಿವಿ ಸೆಕೆಂಡಿಗೆ 50 ಸಲ, ಗೆರೆ ಮೇಲೆ ಗೆರೆ ಎಳೆಯುತ್ತಾ, ಬಂದ ಚಿತ್ರವನ್ನು ಬಂದ ಕೂಡಲೇ ತೋರಿಸುತ್ತದೆ. ಹೊಸ ಟಿವಿ ಚಿತ್ರ ತಗೊಂಡು, ತಿದ್ದಿ ತೀಡಿ, ಆಮೇಲೆ ತೋರಿಸುತ್ತದೆ. ನಮ್ಮ ಕಣ್ಣಿಗೆ ಆ ತಡ ಗೊತ್ತಾಗುವುದಿಲ್ಲ. ಗನ್ ಕಾಯುವಷ್ಟು ಹೊತ್ತು ಮುಗಿದೇ ಹೋಗಿರುತ್ತದೆ.

ಅಂದರೆ ಡಬ್ಬಾ ಟಿವಿ ಹೋದರೆ ಆ ಗನ್ನಿಗೆ ಕಣ್ಣಿದ್ದೂ ಕೆಲಸವಿಲ್ಲ. ಕ್ಯಾಸೆಟ್ ಇದ್ದೂ ಆಟ ಇಲ್ಲ. ಅಕ್ಕನ ಮಗನಿಗೆ ಇಷ್ಟು ಹೇಳುವಷ್ಟರಲ್ಲಿ ಕರೆಂಟ್ ಹೋಯಿತು, ಅವನು ಗನ್ ಹಿಡಿದುಕೊಂಡೇ ಅರ್ಧ ಗಂಟೆ ಕಾದ, ಫೋನ್ ಮುಟ್ಟಲಿಲ್ಲ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಕೇಳಿ. ಈ ಟಿವಿಯ ಹಿಂದಿನ ಕವರ್ ನೀವಾಗಿ ಬಿಚ್ಚಬೇಡಿ. ಕಲರ್ ಟ್ಯೂಬಿಗೆ 20 ಸಾವಿರ ವೋಲ್ಟ್‌ಗಿಂತ ಜಾಸ್ತಿ ಹೋಗುತ್ತದೆ, ಪ್ಲಗ್ ಕಿತ್ತ ಮೇಲೂ ಒಳಗೆ ಉಳಿದಿರಬಹುದು. ಹಳೇ ಟಿವಿ ಮೆಕ್ಯಾನಿಕ್ ಇನ್ನೂ ಊರಲ್ಲಿದ್ದರೆ ಅವರ ಹತ್ತಿರವೇ ಹೋಗಿ. ಗುಡುಗು ಶುರುವಾದರೆ ಪ್ಲಗ್, ಡಿಶ್ ವೈರ್ ಎರಡನ್ನೂ ಕೀಳಿ. ಟ್ಯೂಬ್ ಒಡೆಯಲೂಬೇಡಿ, ಆ ಗಾಜಿನಲ್ಲಿ ಸೀಸ ಇರುತ್ತದೆ.

ಇಂಥ ಟಿವಿಯನ್ನು ಈಗ ಯಾವ ದೊಡ್ಡ ಕಂಪನಿಯೂ ಮಾಡುತ್ತಿಲ್ಲ. ಇರುವುದಷ್ಟೇ. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾರ ಮನೆಯ ಮೂಲೆಯಲ್ಲಾದರೂ ಒಂದು ಕೂತಿದ್ದರೆ, ಗುಜರಿಯವರನ್ನು ಕರೆಯುವ ಮೊದಲು ಹಿಂದೆ ಹಳದಿ ಪಿನ್ ಹಾಕುವ ತೂತು ಇದೆಯಾ ನೋಡಿ. ಇದ್ದರೆ ನನಗೆ ಒಂದು ಮಾತು ಹೇಳಿ, ಓಮ್ನಿ ತಗೊಂಡು ನಾನೇ ಬರುತ್ತೇನೆ.